ಸರ್ಪಗಂಧದ ಬೇರು ರಕ್ತದೊತ್ತಡದ ಮಾತ್ರೆಯಾದ ಬಗೆ

ಜೈನ ಸಾಹಿತ್ಯದಲ್ಲಿ ವೈದ್ಯಗ್ರಂಥಗಳಿಗೆ ವಿಶೇಷ ಸ್ಥಾನವಿದೆ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ಚಿಕಿತ್ಸೆ ಹೇಳುತ್ತದೆ. ಜಗದ್ದಳ ಸೋಮನಾಥ ಅದೇ ಹೆಸರಿನ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ವಿವರಿಸುತ್ತದೆ. ಗಿಡಮೂಲಿಕೆಗಳ ಅರಿವು ಹೀಗೆ ಓಲೆಗರಿಗಳಲ್ಲಿ ಉಳಿದು ಬಂದಿದೆ. ಅಂಥ ಮೂಲಿಕೆ ಇಂದಿನ ಔಷಧವಾಗುವುದು ಹೇಗೆ? ಸರ್ಪಗಂಧ ಇದಕ್ಕೆ ಒಳ್ಳೆಯ ಉದಾಹರಣೆ.

ಬೇರಿನಿಂದ ಮಾತ್ರೆಗೆ

ಸರ್ಪಗಂಧ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸಣ್ಣ ಗಿಡ. ಇದರ ಬೇರನ್ನು ಹಾವಿನ ಕಡಿತ, ನಿದ್ರಾಹೀನತೆ, ಬುದ್ಧಿಭ್ರಮಣೆಗಳಿಗೆ ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಚಿಕಿತ್ಸೆಯ ಫಲಿತಾಂಶವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದಾಗ ಹೊರದೇಶಗಳ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ‘ರಿಸರ್ಪಿನ್’ ಎಂಬ ಸಾರವನ್ನು ಬೇರ್ಪಡಿಸಿದರು.

ರಕ್ತನಾಳಗಳನ್ನು ಬಿಗಿಗೊಳಿಸುವ ಸಂದೇಶವನ್ನು ಒಯ್ಯುವ ರಾಸಾಯನಿಕಗಳು ನರಗಳ ತುದಿಯಲ್ಲಿ ಶೇಖರವಾಗಿರುತ್ತವೆ. ರಿಸರ್ಪಿನ್ ಈ ಶೇಖರಣೆಯನ್ನು ಬರಿದು ಮಾಡುತ್ತದೆ. ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ.

ಮನೆಮದ್ದಾಗಿ ಬೇಡ

ರಿಸರ್ಪಿನ್‌ನ ದಿನದ ಪ್ರಮಾಣ ಸಾಮಾನ್ಯವಾಗಿ ಕಾಲು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಬೇರಿನ ಪುಡಿಯಲ್ಲಿ ಈ ಸಾರ ಎಷ್ಟಿದೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಹೆಚ್ಚಾದರೆ ಒತ್ತಡ ತೀರಾ ಕುಸಿಯಬಹುದು; ಮಂಪರು, ಖಿನ್ನತೆಯೂ ಕಾಣಿಸಬಹುದು. ಹೀಗಾಗಿ ಇಂದು ವೈದ್ಯರು ಹೆಚ್ಚಾಗಿ ಬೇರೆ ಮಾತ್ರೆಗಳನ್ನೇ ಬರೆಯುತ್ತಾರೆ. ಮನೆಯ ಹಿರಿಯರು ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಈ ಪುಡಿ ಸೇವಿಸುವುದು ಅಪಾಯಕರ. ಯಾವುದೇ ಮೂಲಿಕೆ ಸೇವಿಸುತ್ತಿದ್ದರೂ ವೈದ್ಯರಿಗೆ ತಿಳಿಸಬೇಕು.

ಗಿಡವೂ ಉಳಿಯಲಿ, ಗ್ರಂಥವೂ ಉಳಿಯಲಿ

ಎಲೆ ಕಿತ್ತರೆ ಗಿಡ ಮತ್ತೆ ಚಿಗುರೀತು. ಬೇರು ಅಗೆದರೆ ಗಿಡವೇ ಹೋಗುತ್ತದೆ. ಬೇಡಿಕೆ ಹೆಚ್ಚಿ ಕಾಡಿನ ಸರ್ಪಗಂಧ ವಿರಳವಾದ ಕಾರಣ, 1990ರಿಂದ ಇದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಗಿಡವನ್ನೂ ಏಕೇಂದ್ರಿಯ ಜೀವವೆಂದು ಕಾಣುವ ಶ್ರಾವಕ ಶ್ರಾವಿಕೆಯರು ಇದನ್ನು ಗಮನಿಸಬೇಕು. ಕಾಡಿನಿಂದ ಅಗೆದು ತಂದ ಬೇರನ್ನು ಕೊಳ್ಳದಿರೋಣ.

ಸರ್ಪಗಂಧದ ಸಂಶೋಧನೆಗೆ ದಾರಿ ತೋರಿದ್ದು ಹಳೆಯ ಅನುಭವವೇ. ಮನೆಯ ಅಟ್ಟದಲ್ಲಿ ವೈದ್ಯದ ಓಲೆಗರಿಗಳಿದ್ದರೆ ಗೆದ್ದಲಿಗೆ ಬಿಡದೆ ಹಸ್ತಪ್ರತಿ ಭಂಡಾರಕ್ಕೆ ತೋರಿಸಿ. ಅದರಲ್ಲಿರುವುದನ್ನು ಪರೀಕ್ಷಿಸದೆ ನಂಬುವುದೂ ಬೇಡ, ಓದದೆ ಎಸೆಯುವುದೂ ಬೇಡ.