ಬೆಂಚಿನ ಬಳಿ ನಿಂತವರ ಪಾಲೆಷ್ಟು?

ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಕಾಲಕ್ಕೆ ಕೋಚ್‌ಗೆ ದೊಡ್ಡ ಸ್ಥಾನವೇನೂ ಇರಲಿಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡವನ್ನು ನೋಡಿಕೊಂಡರು. ಗೆದ್ದದ್ದು 55, ಸೋತದ್ದು 60. 1910ರ ನಿಯಮವಂತೂ ಆಟ ನಡೆಯುವಾಗ ಹೊರಗಿನಿಂದ ಸಲಹೆ ಕೊಡುವುದನ್ನೇ ನಿಷೇಧಿಸಿತು. ಮೊದಲ ಸಲಕ್ಕೆ ಎಚ್ಚರಿಕೆ. ಮತ್ತೆ ಬಾಯಿ ತೆರೆದರೆ ಎದುರಾಳಿಗೆ ಫ್ರೀ ಥ್ರೋ. ಟೈಮ್‌ಔಟ್‌ನಲ್ಲಿ ಆಟಗಾರರೊಡನೆ ಮಾತಾಡಲು ಕಾಲೇಜು ಕೋಚ್‌ಗಳಿಗೆ ಅವಕಾಶ ಸಿಕ್ಕಿದ್ದು 1940ರ ದಶಕದ ಕೊನೆಗೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಕೋಚ್ ಎಂಬ ಹುದ್ದೆಗೆ ತೂಕ ತಂದವರು ರೆಡ್ ಔರ್‌ಬ್ಯಾಕ್. 1950ರಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡದ ಹೊಣೆ ಹೊತ್ತ ಅವರಿಗೆ ಮೊದಲ ಆರು ಋತುಗಳಲ್ಲಿ ಒಂದು ಪ್ರಶಸ್ತಿಯೂ ದಕ್ಕಲಿಲ್ಲ. 1956ರಲ್ಲಿ ಆಟಗಾರ ಬಿಲ್ ರಸೆಲ್ ಬಂದರು. ಆಮೇಲಿನ ಹತ್ತು ಋತುಗಳಲ್ಲಿ ಒಂಬತ್ತು ಪ್ರಶಸ್ತಿ! ಔರ್‌ಬ್ಯಾಕ್ ಕೆಳಗಿಳಿದ ಮೇಲೆ ರಸೆಲ್ ತಾವೇ ಆಟಗಾರ ಹಾಗೂ ಕೋಚ್ ಎರಡೂ ಆಗಿ 1968 ಮತ್ತು 1969ರಲ್ಲಿ ಮತ್ತೆರಡು ಗೆದ್ದರು. ಹಾಗಾದರೆ ಗೆಲ್ಲಿಸಿದ್ದು ರಸೆಲ್ ಒಬ್ಬರೇ ಅನ್ನೋಣವೇ? ಆದರೆ ಇಬ್ಬರು ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು ರಸೆಲ್ ಅವರನ್ನು ತಂದವರೇ ಔರ್‌ಬ್ಯಾಕ್.

ಈ ಗಂಟನ್ನು ಬಿಡಿಸಲು ನನಗೆ ಹೆಚ್ಚು ನೆರವಾಗುವುದು ಇತ್ತೀಚಿನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕಥೆ. 2013-14ರಲ್ಲಿ 51 ಪಂದ್ಯ ಗೆದ್ದರೂ ಆ ತಂಡ ಕೋಚ್ ಮಾರ್ಕ್ ಜಾಕ್ಸನ್ ಅವರನ್ನು ಕೈಬಿಟ್ಟಿತು. ಬಂದವರು ಸ್ಟೀವ್ ಕೆರ್. ಆಟಗಾರರಾಗಿ ಹೆಸರಾಂತ ಕೋಚ್‌ಗಳಾದ ಫಿಲ್ ಜಾಕ್ಸನ್ ಮತ್ತು ಗ್ರೆಗ್ ಪೊಪೊವಿಚ್ ಇಬ್ಬರ ಕೈಕೆಳಗೂ ಪಳಗಿದ್ದರು. ಆದರೆ ಕೋಚ್ ಆದದ್ದು ಅದೇ ಮೊದಲು. ತಂಡದಲ್ಲಿ ಹೆಚ್ಚುಕಡಿಮೆ ಹಿಂದಿನ ಆಟಗಾರರೇ ಇದ್ದರು. ಪಾಸ್‌ಗಳ ಲೆಕ್ಕದಲ್ಲಿ ಲೀಗಿನ ಕೊನೆಯಲ್ಲಿದ್ದ ತಂಡ ಈಗ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಹೋಯಿತು. ಹಿರಿಯ ಆಟಗಾರ ಆಂಡ್ರೆ ಇಗ್ವಡಾಲಾ ಬೆಂಚಿನಿಂದ ಬರಲು ಒಪ್ಪಿದರು. ಗೆಲುವು 67ಕ್ಕೆ ಏರಿತು. ನಲವತ್ತು ವರ್ಷಗಳ ನಂತರ ಪ್ರಶಸ್ತಿ ಬಂತು.

ಮರುವರ್ಷ ಬೆನ್ನಿನ ಶಸ್ತ್ರಚಿಕಿತ್ಸೆಯ ತೊಡಕಿನಿಂದ ಕೆರ್ ಅವರಿಗೆ 43 ಪಂದ್ಯಗಳಿಗೆ ಬರಲಾಗಲಿಲ್ಲ. ಸಹಾಯಕ ಲ್ಯೂಕ್ ವಾಲ್ಟನ್ ತಂಡವನ್ನು ನಡೆಸಿದರು: 39 ಗೆಲುವು, ನಾಲ್ಕೇ ಸೋಲು. ಆ ಋತು ಮುಗಿದದ್ದು 73 ಗೆಲುವಿನ ದಾಖಲೆಯೊಂದಿಗೆ. ಆದರೆ 2019-20ರಲ್ಲಿ ಪ್ರಮುಖ ಆಟಗಾರರಲ್ಲಿ ಡ್ಯುರಾಂಟ್ ತಂಡ ಬಿಟ್ಟಿದ್ದರು, ಥಾಂಪ್ಸನ್ ಗಾಯಗೊಂಡಿದ್ದರು, ಕರಿ ಆಡಿದ್ದು ಐದೇ ಪಂದ್ಯ. ಆಗ ಕೆರ್ ಅವರ ಲೆಕ್ಕ 15 ಗೆಲುವು, 50 ಸೋಲು. ಲೀಗಿನಲ್ಲೇ ಕೊನೆಯ ಸ್ಥಾನ. ಕರಿ, ಥಾಂಪ್ಸನ್ ಮರಳಿದ ಮೇಲೆ 2022ರಲ್ಲಿ ಮತ್ತೆ ಪ್ರಶಸ್ತಿ.

ಈ ಮೂರು ಘಟ್ಟಗಳನ್ನು ಒಟ್ಟಿಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಕೋಚ್ ಪ್ರತಿಭೆಯನ್ನು ಸೃಷ್ಟಿಸಲಾರರು. ಅರ್ಥಶಾಸ್ತ್ರಜ್ಞ ಡೇವಿಡ್ ಬೆರ್ರಿ ಮತ್ತು ಸಂಗಡಿಗರು 62 ಎನ್‌ಬಿಎ ಕೋಚ್‌ಗಳ ಸಾಧನೆಯನ್ನು ಅಳೆದಾಗಲೂ, ಆಟಗಾರರ ಆಟದಲ್ಲಿ ಎದ್ದುಕಾಣುವ ಬದಲಾವಣೆ ತಂದವರು ಕೆಲವರೇ ಎಂದು ಕಂಡುಬಂತು. ಆದರೆ ಪ್ರತಿಭೆ ಇರುವಲ್ಲಿ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಯಾರ ಕೈಗೆ ಯಾವಾಗ ಹೋಗಬೇಕು, ಯಾರು ತಮ್ಮ ಹೆಮ್ಮೆಯನ್ನು ಬದಿಗಿಡಬೇಕು ಎಂಬುದನ್ನು ತೀರ್ಮಾನಿಸಿ ಒಪ್ಪಿಸುವ ಕೆಲಸ ಅವರದು. 51 ಗೆಲುವು 67 ಆಗುವುದು ಅಲ್ಲಿ. ಅಭ್ಯಾಸದ ದಿನಗಳಲ್ಲಿ ಕೂಡಿಸಿಟ್ಟ ಆ ವ್ಯವಸ್ಥೆ ಕೋಚ್ ಎದುರಿಗಿಲ್ಲದಿದ್ದರೂ ನಡೆಯುತ್ತದೆ.

ಅದಕ್ಕೇ, ಸೋತ ತಂಡಗಳು ಎಲ್ಲಕ್ಕಿಂತ ಮೊದಲು ಕೋಚ್‌ಗೆ ಬಾಗಿಲು ತೋರಿಸುವಾಗ ನನಗೆ ಬೇಸರವಾಗುತ್ತದೆ. ಈ ಆಟಗಾರರಿಂದ ಇದಕ್ಕಿಂತ ಹೆಚ್ಚು ಸಾಧ್ಯವಿತ್ತೇ ಎಂದು ಮೊದಲು ಕೇಳಬೇಕು. ಇತ್ತು ಎನ್ನುವುದಾದರೆ ಕೋಚ್ ಬದಲಾಗಲಿ. ಇರಲಿಲ್ಲವಾದರೆ, ಆ ತಂಡವನ್ನು ಕಟ್ಟಿಕೊಟ್ಟ ಮಾಲೀಕರೂ ವ್ಯವಸ್ಥಾಪಕರೂ ಉತ್ತರ ಹೇಳಲಿ.