ಲೆಕ್ಕ ಕಲಿತ ಮೇಲೆ

ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಸಾಗರದಿಂದ ತನ್ನ ತಂದೆಯವರೊಡನೆ ನಮ್ಮ ಮನೆಗೆ ಬಂದಿದ್ದನು. ಹುಡುಗನು ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯ ಕೊನೆಯ ಘಟ್ಟದಲ್ಲಿ ತೇರ್ಗಡೆಯಾಗಿದ್ದನು. ತಂದೆಯವರು ಅಡಕೆ ಮಂಡಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿರುವವರು. ಶುಭವಾರ್ತೆಯನ್ನು ಹೇಳಲು ಬಂದವರ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿ ಕಾಣುತ್ತಿದ್ದಿತು. ಕಾಫಿಯಾದ ಮೇಲೆ ವಿಷಯವು ಹೊರಬಿದ್ದಿತು.

“ಬೆಂಗಳೂರಿನಲ್ಲಿ ಒಂದು ಕಂಪನಿಯವರು ಕೆಲಸ ಕೊಡುತ್ತೇವೆಂದಿದ್ದಾರೆ, ಮೇಷ್ಟರೆ. ನಾನು ಐದು ತಿಂಗಳು ದುಡಿದರೆ ಬರುವ ಹಣ ಅಲ್ಲಿ ಒಂದೇ ತಿಂಗಳಿಗೆ ಬರುತ್ತದೆ. ಇವನು ನೋಡಿದರೆ ಊರಿನಲ್ಲಿಯೇ ಸ್ವಂತ ಕಚೇರಿ ತೆರೆಯುತ್ತೇನೆ ಎನ್ನುತ್ತಾನೆ. ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ತಾವೇ ಬುದ್ಧಿ ಹೇಳಬೇಕು.”

ನಾವು ಸಂಸ್ಕೃತ ಪಾಠ ಹೇಳಿ ಕಾಲ ಕಳೆದವರು. ಲೆಕ್ಕದ ಶಾಸ್ತ್ರದಲ್ಲಿ ನಮಗೆ ಗತಿ ಕಡಿಮೆ. ಆದರೂ ಇಂತಹ ಪ್ರಶ್ನೆಯು ಈಗ ಅನೇಕ ಮನೆಗಳಲ್ಲಿ ಎದ್ದಿರುವುದರಿಂದ, ಅಂದು ನಡೆದ ವಿಚಾರವನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ತೋರಿತು.

ನಮ್ಮ ಊರುಗಳಲ್ಲಿ ಜನರು ‘ಆಡಿಟರು’ ಎಂದು ಕರೆಯುವ ಈ ವೃತ್ತಿಗೆ 1949ರ ಶಾಸನವು ಈಗಿನ ರೂಪವನ್ನು ಕೊಟ್ಟಿತು. ಆ ವರ್ಷದ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಅದರ ಲಾಂಛನದಲ್ಲಿ ಗರುಡನಿರುವನು, ಧ್ಯೇಯವಾಕ್ಯವು ಕಠೋಪನಿಷತ್ತಿನದು. ಎಲ್ಲರೂ ನಿದ್ರಿಸುತ್ತಿರುವಾಗ ಎಚ್ಚೆತ್ತಿರತಕ್ಕವನು ಯಾವನೋ ಅವನನ್ನು ಕುರಿತದ್ದು ಆ ಮಾತು. ಉಪನಿಷತ್ತು ಹೇಳುವುದು ಪರಮಾತ್ಮನನ್ನು. ಸಂಸ್ಥೆಯು ಅದನ್ನು ಲೆಕ್ಕಪರಿಶೋಧಕನಿಗೆ ಆದರ್ಶವಾಗಿ ಇರಿಸಿಕೊಂಡಿದೆ. ಆದರ್ಶವು ಸಣ್ಣದಲ್ಲವೆಂದು ನಾವು ಹುಡುಗನಿಗೆ ಹೇಳಿದೆವು.

ಪರೀಕ್ಷೆಯಲ್ಲಿ ಉತ್ತೀರ್ಣನಾದ ಮಾತ್ರಕ್ಕೆ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರವು ಬರುವುದಿಲ್ಲ. ಮೊದಲು ಸಂಸ್ಥೆಯ ಸದಸ್ಯನಾಗಬೇಕು; ಅನಂತರ ವೃತ್ತಿ ನಡೆಸುವ ಪ್ರಮಾಣಪತ್ರವನ್ನು ಬೇರೆಯಾಗಿ ಪಡೆಯಬೇಕು. ಕಂಪನಿಯಲ್ಲಿ ಪೂರ್ಣಕಾಲದ ಸಂಬಳಗಾರನಾದವನು ಅನ್ಯರ ಲೆಕ್ಕವನ್ನು ಪರಿಶೋಧಿಸಿ ಸಹಿ ಹಾಕುವಂತಿಲ್ಲ. ಆದುದರಿಂದ ಆ ತಂದೆ ಮಕ್ಕಳ ಮುಂದಿದ್ದ ಪ್ರಶ್ನೆಯು ಹಣ ಎಲ್ಲಿ ಹೆಚ್ಚೆಂಬುದಷ್ಟೇ ಅಲ್ಲ; ಸಹಿಯ ಹೊಣೆಯನ್ನು ಹೊರಬೇಕೆ ಬೇಡವೆ ಎಂಬುದೂ ಹೌದು. ಆದರೆ ಇದು ಜನ್ಮಕ್ಕೆಲ್ಲ ಒಮ್ಮೆ ಮಾಡುವ ಸಂಕಲ್ಪವೇನೂ ಅಲ್ಲ. ಪ್ರಮಾಣಪತ್ರವನ್ನು ಒಪ್ಪಿಸಿ ನೌಕರಿಗೆ ಸೇರಬಹುದು. ನೌಕರಿಯನ್ನು ಬಿಟ್ಟು ಮತ್ತೆ ಪಡೆಯಲೂಬಹುದು. ಇದನ್ನು ಕೇಳಿದ ಮೇಲೆ ತಂದೆಯವರ ಮುಖವು ಸ್ವಲ್ಪ ತಿಳಿಯಾಯಿತು.

ನೌಕರಿಯ ಮಾರ್ಗವು ಸುಲಭವಾಗಿ ತಿಳಿಯತಕ್ಕದ್ದು. ಕಂಪನಿಗಳು, ಬ್ಯಾಂಕುಗಳು, ದೊಡ್ಡ ಆಡಿಟ್ ಸಂಸ್ಥೆಗಳು ಹೊಸಬರನ್ನು ಕರೆಯುವುವು. ಸಂಸ್ಥೆಯೇ ನೇಮಕದ ಸಂದರ್ಶನಗಳನ್ನು ಏರ್ಪಡಿಸುವುದುಂಟು. ತಿಂಗಳು ತುಂಬಿದೊಡನೆ ಸಂಬಳ. ಸಾಲವಿರುವ ಮನೆಗೆ ಇದು ದೊಡ್ಡ ಆಸರೆ. ಇದನ್ನು ಹಿಡಿದವನು ವಿದ್ಯೆಯನ್ನು ಮಾರಿಕೊಂಡನೆಂದು ಯಾರೂ ಹಳಿಯಬಾರದು.

ಸ್ವಂತ ಕಚೇರಿಯ ಮಾತು ಬೇರೆ. ಚಿಕ್ಕ ಊರಿನಲ್ಲಿ ಕೆಲಸಕ್ಕೆ ಕೊರತೆಯಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅಂಗಡಿಯವರಿಗೆ ಲೆಕ್ಕ ಒಪ್ಪಿಸುವ ಗಡುವುಗಳು ಒಂದರ ಹಿಂದೊಂದು ಬರುತ್ತಿವೆ. ಆದಾಯ ತೆರಿಗೆಗೆ 1961ರ ಶಾಸನದ ಸ್ಥಾನದಲ್ಲಿ 2025ರ ಹೊಸ ಶಾಸನವು ಬಂದು, 2026ರ ಏಪ್ರಿಲ್ 1ರಿಂದ ಜಾರಿಗೆ ನಿಗದಿಯಾಯಿತು. ಸಹಕಾರ ಸಂಘಗಳಿವೆ, ಬ್ಯಾಂಕಿನ ಶಾಖೆಗಳಿವೆ. ಆದರೆ ಕೆಲಸವಿರುವುದು ಒಂದು, ಅದು ಹೊಸಬನ ಬಾಗಿಲಿಗೆ ಬರುವುದು ಇನ್ನೊಂದು. ಮನೆ ಮನೆಗೆ ಹೋಗಿ ಕೆಲಸ ಯಾಚಿಸುವುದನ್ನು ವೃತ್ತಿಯ ಶಾಸನವೇ ನಿಷೇಧಿಸಿದೆ. ಹೆಸರು ಬಾಯಿಂದ ಬಾಯಿಗೆ ಹಬ್ಬಬೇಕು; ಅದಕ್ಕೆ ಕಾಲ ಬೇಕು. ಕಾಯುವ ಆ ದಿನಗಳಲ್ಲಿಯೂ ಕಚೇರಿಯ ಬಾಡಿಗೆಯು ನಿಲ್ಲುವುದಿಲ್ಲ.

ಹೀಗೆ ಕಾಯುವಾಗಲೇ ಸಹಿಗೆ ಅಪಾಯವಿರುವುದು. ಆ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುವುದು, ಷೇರುದಾರನು ಹಣ ತೊಡಗಿಸುವನು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ್ದ ಸಾವಿರಾರು ಕೋಟಿ ರೂಪಾಯಿಗಳು ಇಲ್ಲವೇ ಇಲ್ಲವೆಂದು ತಾವೇ ಒಪ್ಪಿಕೊಂಡುದು ವಾಚಕರಿಗೆ ನೆನಪಿರಬಹುದು. 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯವು ಅಪರಾಧಿಗಳೆಂದು ತೀರ್ಮಾನಿಸಿದ ಹತ್ತು ಮಂದಿಯಲ್ಲಿ ಲೆಕ್ಕಪರಿಶೋಧಕರು ಇಬ್ಬರಿದ್ದರು. ಈಗಂತೂ ಸಹಿ ಹಾಕಿದ ಪ್ರತಿಯೊಂದು ವರದಿಗೂ 18 ಅಂಕಾಕ್ಷರಗಳ ಗುರುತನ್ನು ಕೊಡಬೇಕಾಗಿದೆ; ಹಾಕಿದ ಸಹಿಯನ್ನು ಮರೆಮಾಚುವಂತಿಲ್ಲ.

ಇಷ್ಟನ್ನು ಮಾತನಾಡಿಕೊಂಡ ಮೇಲೆ ನಾವು ಮೂರು ಪ್ರಶ್ನೆಗಳನ್ನು ಕೇಳಿದೆವು.

ಮೊದಲನೆಯದು ಹುಡುಗನಿಗೆ: “ಆಡಿಟರ ಕೈಕೆಳಗೆ ಅಭ್ಯಾಸ ಮಾಡುತ್ತಿದ್ದಾಗ ಊಟದ ಹೊತ್ತನ್ನು ಮರೆತ ದಿನ ಯಾವುದು?” ಅವನು ತಡಮಾಡದೆ ಹೇಳಿದನು. ಒಂದು ಸಹಕಾರ ಸಂಘದ ಪುಸ್ತಕಗಳಲ್ಲಿ, ರೈತನೊಬ್ಬನು ಕಟ್ಟಿದ್ದ ಕಂತು ಜಮೆಯಾಗದೆ ಉಳಿದಿದ್ದುದನ್ನು ರಸೀದಿಗಳ ಕಟ್ಟಿನಿಂದ ಹುಡುಕಿ ತೆಗೆದ ದಿನವಂತೆ.

ಎರಡನೆಯದು ತಂದೆಯವರಿಗೆ: “ಮಗನ ಸಂಪಾದನೆಯಿಲ್ಲದೆ ಮನೆಯು ಎಷ್ಟು ತಿಂಗಳು ನಡೆದೀತು?” ಅವರು ಸಾಲದ ಕಂತು, ದಿನಸಿ, ಔಷಧ ಎಲ್ಲವನ್ನೂ ಬೆರಳೆಣಿಸಿ, “ಆರು ತಿಂಗಳು ಹೇಗೋ ಆದೀತು. ಆಮೇಲೆ ಆಗದು” ಎಂದರು. ಈ ಲೆಕ್ಕವನ್ನು ಅವರು ಮಗನೆದುರಿಗೆ ಹಿಂದೆಂದೂ ಬಿಚ್ಚಿರಲಿಲ್ಲವೆಂಬುದು ಹುಡುಗನು ತಲೆ ತಗ್ಗಿಸಿದುದರಿಂದ ತಿಳಿಯಿತು.

ಮೂರನೆಯದು ಮತ್ತೆ ಹುಡುಗನಿಗೆ: “ಬಾಡಿಗೆ ಕಟ್ಟುವ ದಿನವೇ ನಿನ್ನ ಮೊದಲನೆಯ ಕಕ್ಷಿಗಾರನು ಬಂದು, ಈ ಒಂದು ಅಂಕಿಯನ್ನು ತಿದ್ದಿಕೊಡಿ ಎಂದರೆ ಏನು ಮಾಡುವೆ?”

ಹುಡುಗನು ಉತ್ತರಕ್ಕೆ ತಡಕಾಡುತ್ತಿರಲು ತಂದೆಯವರೇ ಬಾಯಿ ತೆರೆದರು. “ಮೂವತ್ತು ವರ್ಷ ನಾನು ಲೆಕ್ಕ ಬರೆದೆ, ಮೇಷ್ಟರೆ. ಅದಕ್ಕೆ ಸಹಿ ಹಾಕುವವರು ಬೇರೆಯವರು. ನನ್ನ ಮಗ ಸಹಿ ಹಾಕುವಂತಾದನಲ್ಲ ಎಂದು ನನಗೆ ಹೆಮ್ಮೆಯೇ. ಆದರೆ ಹಸಿದುಕೊಂಡು ಸುಳ್ಳಿಗೆ ಸಹಿ ಹಾಕುವುದಾದರೆ ಅವನು ಬೆಂಗಳೂರಿಗೆ ಹೋಗುವುದೇ ಮೇಲು.”

ನಿರ್ಧಾರವು ಈ ಮಾತಿನಿಂದಲೇ ಹುಟ್ಟಿತು. ಹುಡುಗನ ಮನಸ್ಸು ಆಡಿಟಿನಲ್ಲಿದೆ; ಮನೆಗೆ ಕಾಯುವ ಶಕ್ತಿಯಿಲ್ಲ. ಮೊದಲು ಮೂರು ವರ್ಷವಿದ್ದ ಅಭ್ಯಾಸದ ಅವಧಿಯು 2023ರ ಹೊಸ ಕ್ರಮದಿಂದ ಎರಡಕ್ಕೆ ಇಳಿದಿರುವುದರಿಂದ, ಇನ್ನೂ ಕೆಲಕಾಲ ಹಿರಿಯರ ಬಳಿ ಕೆಲಸ ಮಾಡುವುದರಲ್ಲಿ ನಷ್ಟವೇನೂ ಇಲ್ಲ. ಶಿವಮೊಗ್ಗದ ಹಿರಿಯ ಆಡಿಟರೊಬ್ಬರಲ್ಲಿ ಮೂರು ವರ್ಷ ಸಂಬಳಕ್ಕಿದ್ದು, ಸಾಲವನ್ನು ತೀರಿಸಿ, ಒಂದು ವರ್ಷದ ಖರ್ಚನ್ನು ಕೂಡಿಟ್ಟು, ಆಮೇಲೆ ಊರಿನಲ್ಲಿ ಕಚೇರಿ ತೆರೆಯುವುದೆಂದಾಯಿತು. ಬೆಂಗಳೂರಿನ ಸಂಬಳದ ಅರ್ಧವೂ ಅಲ್ಲಿ ಬಾರದು. ತಂದೆಯವರು ಅದನ್ನು ತಿಳಿದೇ ಒಪ್ಪಿದರು. ಮೊನ್ನೆ ಹುಡುಗನು ಫೋನು ಮಾಡಿ, ಕೆಲಸಕ್ಕೆ ಸೇರಿದೆನೆಂದು ತಿಳಿಸಿದನು.

ಎಲ್ಲ ಮನೆಗೂ ಇದೇ ಉತ್ತರವೆಂದು ನಾವು ಹೇಳೆವು. ಅಭ್ಯಾಸಕಾಲದಲ್ಲಿ ಆಡಿಟ್ ಕೆಲಸವು ಬೇಸರ ತಂದಿದ್ದರೆ ನೌಕರಿಯೇ ಯೋಗ್ಯ. ಮನೆಯಲ್ಲಿ ಎರಡು ವರ್ಷದ ಅನ್ನಕ್ಕೆ ಭಯವಿಲ್ಲದಿದ್ದರೆ ಇಂದೇ ಕಚೇರಿ ತೆರೆಯಬಹುದು. ಆದರೆ ಪ್ರಶ್ನೆಗಳು ಎಲ್ಲರಿಗೂ ಅವೇ. ಮಗನು ಊರವರ ಲೆಕ್ಕವನ್ನು ನೋಡಲು ಹೊರಡುವ ಮೊದಲು ತಂದೆತಾಯಿಗಳು ಮನೆಯ ಲೆಕ್ಕವನ್ನು ಅವನ ಮುಂದೆ ಬಿಚ್ಚಿಡಲಿ. ಕಾಯುವುದಕ್ಕೆ ಬೇಕಾದ ಹಣವನ್ನು ಖರ್ಚೆಂದು ಬರೆಯದೆ ಬಂಡವಾಳವೆಂದು ಬರೆಯಲಿ. ಸಹಿಯು ಶುದ್ಧವಾಗಿ ಉಳಿಯುವುದು ಆ ಬಂಡವಾಳದಿಂದ. ಇಷ್ಟು ಹೇಳಿ ವಿರಮಿಸುವೆವು.