ಎರಡು ಎಂ.ಎ., ಒಂದೇ ವಿದ್ಯಾರ್ಥಿವೇತನ

ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಕೈಯಲ್ಲಿದ್ದರೆ ಓದಿನ ಖರ್ಚೆಲ್ಲ ಸರ್ಕಾರದ್ದೇ ಎಂಬ ನಂಬಿಕೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಮನೆಗಳಲ್ಲಿ ಇಂದಿಗೂ ಕಾಣುತ್ತದೆ. 2012ರ 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿಯು ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಹಾಗೂ ಸರ್ಕಾರಿ ಹುದ್ದೆಗಳಲ್ಲಿ ಪಾಲನ್ನು ಮೀಸಲಿಡುತ್ತದೆ. ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ ದೊರೆಯುವ ಆ ಪತ್ರ ಸೀಟು ಕೊಡಿಸೀತು, ಶುಲ್ಕ ಕಟ್ಟುವುದಿಲ್ಲ.

ಏಕಕಾಲಕ್ಕೆ ಎರಡು ಪದವಿ ಓದುವುದು ನಿಯಮಬಾಹಿರ ಎಂಬ ಮಾತೂ ಈಗ ಹಳೆಯದು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನದ ಊರಾದ ಮಸ್ಕಿಯ ವಿದ್ಯಾರ್ಥಿಯೊಬ್ಬರು ಇತಿಹಾಸದ ಜೊತೆಗೆ ಸಾರ್ವಜನಿಕ ಆಡಳಿತವನ್ನು, ಅಂದರೆ ಸರ್ಕಾರಿ ವ್ಯವಸ್ಥೆಯ ರಚನೆ, ಹಣಕಾಸು ಮತ್ತು ಕಾರ್ಯವಿಧಾನಗಳ ಶಾಸ್ತ್ರವನ್ನು, ಓದಬಯಸಿದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಏಪ್ರಿಲ್ ಮಾರ್ಗಸೂಚಿ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಎರಡೂ ತರಗತಿಯ ಕೋರ್ಸುಗಳಾದರೆ ವೇಳೆ ಡಿಕ್ಕಿಯಾಗಬಾರದು, ಇಲ್ಲವೇ ಒಂದು ದೂರಶಿಕ್ಷಣದ್ದಾಗಿರಬಹುದು. ಆದರೆ ನ್ಯೂಯಾರ್ಕ್ ವಿಶ್ವವಿದ್ಯಾಲಯವು ಹೀಬ್ರೂ ಮತ್ತು ಯಹೂದಿ ಅಧ್ಯಯನವನ್ನು ಸಾರ್ವಜನಿಕ ಆಡಳಿತದೊಂದಿಗೆ ಬೆಸೆದಿರುವಂಥ ಜಂಟಿ ಪದವಿಗಳಲ್ಲಿ ಕೆಲವು ಪತ್ರಿಕೆಗಳು ಎರಡೂ ಪದವಿಗಳ ಲೆಕ್ಕಕ್ಕೆ ಸೇರಿ ಒಟ್ಟು ಹೊರೆ ತಗ್ಗುತ್ತದೆ. ಇಲ್ಲಿನ ಮಾರ್ಗಸೂಚಿಯಲ್ಲಿ ಪದವಿಗಳು ಬೆರೆಯುವುದಿಲ್ಲ, ಆದ್ದರಿಂದ ನೋಂದಣಿ ಎರಡು, ಪರೀಕ್ಷಾ ಶುಲ್ಕವೂ ಎರಡು.

ಎರಡು ಕೋರ್ಸಿಗೆ ಎರಡು ವಿದ್ಯಾರ್ಥಿವೇತನ ಸಿಗುತ್ತದೆಂಬ ಲೆಕ್ಕಾಚಾರ ಅತ್ಯಂತ ಅಪಾಯಕಾರಿ. ಉದಾಹರಣೆಗೆ, ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಪಡೆಯುವವರು ಮತ್ತೊಂದು ವಿದ್ಯಾರ್ಥಿವೇತನವನ್ನು ಪಡೆಯುವಂತಿಲ್ಲ. ಹೀಗಾಗಿ ಎರಡನೆಯ ಕೋರ್ಸನ್ನು ಇಗ್ನೋದಂಥ ದೂರಶಿಕ್ಷಣದಲ್ಲಿ ಓದುವುದೇ ವಿವೇಕ. ಹಾಸ್ಟೆಲ್ಲಿನ ಇನ್ನೊಂದು ಖರ್ಚು ಅಲ್ಲಿ ಬೀಳುವುದಿಲ್ಲ.

ಉಳಿದ ಖರ್ಚಿಗೆ ಸಾಲವೆಂದರೆ ಪಹಣಿ ಹಿಡಿದು ಬ್ಯಾಂಕಿಗೆ ಹೋಗಬೇಕು, ಎಡದಂಡೆ ಕಾಲುವೆಯ ಗದ್ದೆಯನ್ನು ಅಡವಿಡಬೇಕು ಎಂದು ಹೆದರುವ ರೈತರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ: ಕೇಂದ್ರದ ಸಾಲ ಖಾತರಿ ನಿಧಿಯಡಿ ಬರುವ ಶಿಕ್ಷಣ ಸಾಲಕ್ಕೆ 7.5 ಲಕ್ಷ ರೂಪಾಯಿವರೆಗೆ ಜಮೀನಿನ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿಲ್ಲ, ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಮಾಡಿದರೆ ಸಾಕು. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಎಂ.ಎ.ಯೂ ಶಿಕ್ಷಣ ಸಾಲಕ್ಕೆ ಅರ್ಹವೇ. ಕಂತು ಶುರುವಾಗುವುದು ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷ ಕಳೆದ ಮೇಲೆ. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.